ಅಡ್ಮಿನ್ ಪಾಸ್‌ವರ್ಡ್ ಇಲ್ಲದೆ ಇಡೀ ಆಫೀಸಿಗೆ ಇಂಕ್‌ಸ್ಕೇಪ್: ನನ್ನ ಅನುಭವ

ಇಂಕ್‌ಸ್ಕೇಪ್ ಅಂದರೆ ಚಿತ್ರ ಬಿಡಿಸುವ, ಬಿಟ್ಟಿ ಸಿಗುವ ಓಪನ್ ಸೋರ್ಸ್ ಸಾಫ್ಟ್‌ವೇರ್. ಮೊದಲೇ ಹೇಳಿಬಿಡುತ್ತೇನೆ, ಅದನ್ನು ಎಲ್ಲರ ಯಂತ್ರಕ್ಕೂ ಹಾಕಿದ್ದು ಕೆಲಸ ಮಾಡುತ್ತಿದೆ. ಎಪ್ಪತ್ತರ ಆಸುಪಾಸು ಜನ ದಿನಾ ಬಳಸುತ್ತಿದ್ದಾರೆ. "ಓಪನ್ ಸೋರ್ಸ್ ಎಲ್ಲ ನಮ್ಮವರ ಕೈಲಿ ಆಗಲ್ಲ, ಇನ್‌ಸ್ಟಾಲ್ ಮಾಡಿಕೊಡೋದಕ್ಕೇ ಒಬ್ಬ ಆಳು ಬೇಕಾಗುತ್ತೆ" ಎಂದು ಐಟಿಯವರು ಮೀಟಿಂಗಿನಲ್ಲಿ ಎಲ್ಲರ ಮುಂದೆ ಹೇಳಿದ್ದರು. ಆ ಆಳು ಇನ್ನೂ ಬೇಕಾಗಿಲ್ಲ. ಈಗ ಅವರೇ ಬಂದು, ಇನ್ನೊಂದು ಸಾಫ್ಟ್‌ವೇರಿಗೂ ಇದೇ ಥರ ಮಾಡಿಕೊಡ್ತೀರಾ ಎಂದು ಕೇಳುತ್ತಿದ್ದಾರೆ.

ನಮ್ಮ ಕೆಲಸ ಭಾರಿ ಏನಲ್ಲ. ಲೇಬಲ್, ನಕ್ಷೆ, ವರದಿಗೆ ಹಾಕುವ ಚಿತ್ರ, ಅಷ್ಟೇ. ಅದಕ್ಕೆ ಎಲ್ಲರ ಹೆಸರಲ್ಲೂ ಒಂದು ದುಬಾರಿ ಸಾಫ್ಟ್‌ವೇರಿಗೆ ವರ್ಷ ವರ್ಷ ಚಂದಾ ಕಟ್ಟುತ್ತಿದ್ದೆವು. ಅರ್ಧಕ್ಕಿಂತ ಜಾಸ್ತಿ ಜನ ಅದನ್ನು ತೆರೆಯುತ್ತಿದ್ದುದು ಲೇಬಲ್ಲಿನಲ್ಲಿ ಒಂದು ತಾರೀಕು ತಿದ್ದಲು. ಇಂಕ್‌ಸ್ಕೇಪ್ ಸಾಕು ಎಂದು ನನಗೆ ಗೊತ್ತಿತ್ತು. ಅದನ್ನು ಎಲ್ಲರ ಯಂತ್ರಕ್ಕೆ ತಲುಪಿಸುವುದೇ ದೊಡ್ಡ ಪಾಡು.

ಜಿಪ್ ಮಾಡಿ ಹಂಚುವುದು ಎಲ್ಲರಿಗೂ ಮೊದಲು ಹೊಳೆಯುವ ದಾರಿ. ಅದು ಮೊದಲ ದಿನವೇ ಕೈಕೊಟ್ಟಿತು. ಜನ ಜಿಪ್ ಬಿಡಿಸುವುದಿಲ್ಲ. ಡಬಲ್ ಕ್ಲಿಕ್ ಮಾಡುತ್ತಾರೆ, ಒಳಗಿರುವುದು ಫೋಲ್ಡರಿನ ಹಾಗೇ ಕಾಣುತ್ತದೆ, ಅಲ್ಲೇ ಇರುವ ಇಎಕ್ಸ್‌ಇ ಒತ್ತುತ್ತಾರೆ. ವಿಂಡೋಸ್ ಅದೊಂದೇ ಫೈಲನ್ನು ಟೆಂಪ್ ಫೋಲ್ಡರಿಗೆ ತೆಗೆದು ಓಡಿಸುತ್ತದೆ, ಆಮೇಲೆ ಡಿಎಲ್‌ಎಲ್ (ಅದು ಓಡಲು ಬೇಕಾದ ಜೊತೆ ಫೈಲು) ಸಿಗಲಿಲ್ಲ ಎಂದು ಗೋಳಾಡುತ್ತದೆ. ಆ ಎರರಿನ ಸ್ಕ್ರೀನ್‌ಶಾಟ್ ನನ್ನ ಇನ್‌ಬಾಕ್ಸ್ ತುಂಬ. ಬಿಡಿಸಿದವರಲ್ಲೂ ಕೆಲವರು ಡೆಸ್ಕ್‌ಟಾಪಿನ ಫೋಲ್ಡರಿನೊಳಗಿನ ಫೋಲ್ಡರಿನೊಳಗೆ ಬಿಡಿಸಿ, ಪಾತ್ (ಫೈಲಿನ ಪೂರ್ತಿ ವಿಳಾಸ) ವಿಂಡೋಸ್ ಮಿತಿಯಾದ 260 ಅಕ್ಷರ ದಾಟಿ, ಅರ್ಧಂಬರ್ಧ ಫೈಲ್ ಇಟ್ಟುಕೊಂಡು ಕೂತಿದ್ದರು.

ಸರ್ವರ್ ಶೇರಿನಲ್ಲಿ (ಆಫೀಸಿನ ಎಲ್ಲರಿಗೂ ಸಿಗುವ ಫೋಲ್ಡರಿನಲ್ಲಿ) ಬಿಡಿಸಿಟ್ಟು, ಅಲ್ಲಿಂದಲೇ ಓಡಿಸುವಂತೆ ಶಾರ್ಟ್‌ಕಟ್ ಕೊಟ್ಟೂ ನೋಡಿದೆ. ಇಂಕ್‌ಸ್ಕೇಪಿನಲ್ಲಿ ಸಾವಿರಾರು ಸಣ್ಣ ಸಣ್ಣ ಫೈಲ್ ಇವೆ: ಐಕಾನ್, ಎಕ್ಸ್‌ಟೆನ್ಷನ್, ಪೈಥಾನ್. ಬೆಳಗ್ಗೆ ಎಲ್ಲರೂ ಒಟ್ಟಿಗೆ ತೆರೆದರೆ ಮೊದಲ ಕಿಟಕಿ ಬರಲು ನಿಮಿಷಗಟ್ಟಲೆ. ಎರಡೇ ದಿನಕ್ಕೆ ನಿಲ್ಲಿಸಿದೆ. ಅಧಿಕೃತ ಎಂಎಸ್‌ಐ (ವಿಂಡೋಸಿನ ಇನ್‌ಸ್ಟಾಲ್ ಫೈಲು) ಇದೆಯಲ್ಲ ಎನ್ನುತ್ತೀರಿ. ಇದೆ, ಚೆನ್ನಾಗಿಯೂ ಇದೆ, ಆದರೆ ಅದಕ್ಕೆ ಅಡ್ಮಿನ್ ಬೇಕು. ನಮ್ಮಲ್ಲಿ ಅಡ್ಮಿನ್ ಬೇಕೆಂದರೆ ಟಿಕೆಟ್ ಹಾಕಿ ಕಾಯಬೇಕು.

ಕೊನೆಗೆ ಇನ್‌ಸ್ಟಾಲರ್ ತಯಾರಿಸುವ ಇನ್ನೋ ಸೆಟಪ್ ಹಿಡಿದೆ. 1997ರಿಂದ ಇರುವ ಹಳೇ ಹುಲಿ. ಇಂಕ್‌ಸ್ಕೇಪಿನ ಸೆವೆನ್‌ಜಿಪ್ ಆವೃತ್ತಿಯನ್ನು ಬಿಡಿಸಿ, ಅದನ್ನೇ ಇನ್ನೋ ಒಳಗೆ ತುಂಬಿದೆ. ಪ್ರಿವಿಲೆಜಸ್ ರಿಕ್ವೈರ್ಡ್ ಎಂಬ ಸಾಲಿಗೆ ಲೋಯೆಸ್ಟ್ ಎಂದು ಕೊಟ್ಟರೆ ಎಲ್ಲವೂ ಬಳಕೆದಾರರ ಲೋಕಲ್ ಆ್ಯಪ್ ಡೇಟಾದೊಳಗೇ ಇಳಿಯುತ್ತದೆ, ಪಾಸ್‌ವರ್ಡ್ ಕೇಳುವುದೇ ಇಲ್ಲ. ಸೆಟಪ್ ಫೈಲು ನೂರು ಎಂಬಿ ಚಿಲ್ಲರೆ ಬಂತು. ಎರಡು ಕಡೆ ಹುಷಾರಾಗಿರಬೇಕು. ಒಂದು, ಆ್ಯಪ್ ಐಡಿಯನ್ನು (ಇದು ಇಂಥದೇ ಸಾಫ್ಟ್‌ವೇರ್ ಎಂದು ವಿಂಡೋಸಿಗೆ ತಿಳಿಸುವ ಗುರುತು) ಯಾವ ಕಾರಣಕ್ಕೂ ಮುಟ್ಟಬಾರದು. ಮುಟ್ಟಿದರೆ ಹೊಸ ಆವೃತ್ತಿ ಹಳೆಯದರ ಪಕ್ಕದಲ್ಲಿ ಬೇರೆಯದಾಗಿ ಕೂರುತ್ತದೆ. ಎರಡು, ಹೊಸದನ್ನು ಹಾಕುವ ಮುಂಚೆ ಇನ್‌ಸ್ಟಾಲ್ ಡಿಲೀಟ್ ವಿಭಾಗದಲ್ಲಿ ಹಳೇ ಫೋಲ್ಡರನ್ನು ಪೂರ್ತಿ ಗುಡಿಸಬೇಕು. ಹಳೇ ಡಿಎಲ್‌ಎಲ್ ಹೊಸದರ ಜೊತೆ ಬೆರೆತರೆ ಬರುವ ಕ್ರ್ಯಾಶು ಒಂದು ಯಂತ್ರದಲ್ಲಿ ಬರುತ್ತದೆ, ಪಕ್ಕದ ಯಂತ್ರದಲ್ಲಿ ಬರುವುದಿಲ್ಲ. ಹುಡುಕಿ ತಲೆ ಕೆಡುತ್ತದೆ.

ಆಮೇಲೆ ಶುರುವಾಯಿತು ಸ್ಮಾರ್ಟ್‌ಸ್ಕ್ರೀನ್ ಕಾಟ, ಅಂದರೆ ಪರಿಚಯವಿಲ್ಲದ ಫೈಲನ್ನು ತಡೆಯುವ ವಿಂಡೋಸಿನ ಕಾವಲುಗಾರನದು. "ವಿಂಡೋಸ್ ನಿಮ್ಮ ಪಿಸಿಯನ್ನು ರಕ್ಷಿಸಿದೆ" ಎಂಬ ನೀಲಿ ಪರದೆ ನೋಡಿ ಜನ ಹೆದರಿಬಿಟ್ಟರು. ಫೈಲು ಯಾರದೆಂದು ಸಹಿ ಹಾಕಿ (ಸೈನ್ ಮಾಡಿ) ತೋರಿಸುವ ಸರ್ಟಿಫಿಕೇಟ್ ಕೊಳ್ಳೋಣ ಎಂದು ವಿಚಾರಿಸಿದರೆ ವರ್ಷಕ್ಕೆ ಕೆಲವು ನೂರು ಡಾಲರ್. ಹಣ ಒಂದು ಕಡೆ ಇರಲಿ, 2023ರ ಜೂನ್‌ನಿಂದ ಸೈನ್ ಮಾಡುವ ಖಾಸಗಿ ಕೀ ಹಾರ್ಡ್‌ವೇರಿನಲ್ಲೇ ಇರಬೇಕು ಎಂಬ ನಿಯಮ ಬಂದಿದೆ. ಯುಎಸ್‌ಬಿ ಟೋಕನ್ ಚುಚ್ಚಿ ಪಿನ್ ಒತ್ತುತ್ತಾ ಕೂತರೆ ರಾತ್ರಿ ತಾನಾಗಿ ಆಗುವ ಬಿಲ್ಡ್ (ಸೆಟಪ್ ತಯಾರಿ) ಕಥೆ ಮುಗೀತು. ಅಷ್ಟೆಲ್ಲ ಮಾಡಿದರೂ ಹೊಸ ಫೈಲಿಗೆ ಒಳ್ಳೇ ಹೆಸರು ಬರುವವರೆಗೆ ಎಚ್ಚರಿಕೆ ನಿಲ್ಲುತ್ತದೆ ಎಂಬ ಖಾತ್ರಿ ಇಲ್ಲ.

ಆದರೆ ಒಂದು ವಿಷಯ ಗಮನಿಸಿದೆ. ಅದೇ ಫೈಲು, ಕೆಲವರಿಗೆ ಎಚ್ಚರಿಕೆ ಬರುತ್ತಿತ್ತು, ಕೆಲವರಿಗೆ ಇಲ್ಲ. ಬರುತ್ತಿದ್ದವರೆಲ್ಲ ಅದನ್ನು ಆಫೀಸ್ ಚಾಟಿನಿಂದ ಇಳಿಸಿಕೊಂಡವರು. ಹೊರಗಿನಿಂದ ಇಳಿಸಿದ ಫೈಲಿಗೆ ವಿಂಡೋಸ್ ಬೆನ್ನಿಗೊಂದು ಗುರುತು ಅಂಟಿಸುತ್ತದೆ, ಝೋನ್ ಐಡೆಂಟಿಫೈಯರ್ ಅಂತ. ಒಳಗೆ ನೋಡಿದರೆ ಝೋನ್ ಐಡಿ 3 ಎಂದಿರುತ್ತದೆ. ಸ್ಮಾರ್ಟ್‌ಸ್ಕ್ರೀನ್ ನೋಡುವುದು ಆ ಗುರುತನ್ನೇ. ಒಳಗಿನ ಶೇರಿನಿಂದ ತೆಗೆದುಕೊಂಡ ಫೈಲಿಗೆ ಆ ಗುರುತೇ ಇರುವುದಿಲ್ಲ. ಅಲ್ಲಿಗೆ ಚಾಟಿನಲ್ಲಿ ಫೈಲ್ ಕಳಿಸುವುದು ಬಂದ್, ಶೇರಿನ ದಾರಿ ಮಾತ್ರ. ಆಮೇಲೆ ಐಟಿಯವರನ್ನು ಒಪ್ಪಿಸಿ ನಮ್ಮದೇ ಒಂದು ಸರ್ಟಿಫಿಕೇಟ್ ಮಾಡಿ, ಗ್ರೂಪ್ ಪಾಲಿಸಿಯಿಂದ (ಐಟಿಯವರು ಒಂದೇ ಕಡೆಯಿಂದ ಯಂತ್ರಗಳನ್ನು ಹೊಂದಿಸುವ ದಾರಿ) ಎಲ್ಲ ಯಂತ್ರಗಳಿಗೂ ಹಾಕಿಸಿದೆ. ಖರ್ಚು ಸೊನ್ನೆ. ಆ್ಯಪ್‌ಲಾಕರ್ (ಒಪ್ಪಿಗೆ ಇಲ್ಲದ ಪ್ರೋಗ್ರಾಂ ತಡೆಯುವ ವಿಂಡೋಸಿನ ಬೀಗ) ಹಾಕಿದ್ದ ಒಂದು ವಿಭಾಗದಲ್ಲಿ ಬಳಕೆದಾರರ ಫೋಲ್ಡರಿನಿಂದ ಏನೂ ಓಡುತ್ತಿರಲಿಲ್ಲ. ಅಲ್ಲಿ ಈ ಸರ್ಟಿಫಿಕೇಟಿನ ಹೆಸರಿಗೆ ಒಂದು ಪಬ್ಲಿಷರ್ ರೂಲ್ (ಈ ಸಹಿ ಇದ್ದರೆ ಓಡಲಿ ಎಂಬ ನಿಯಮ) ಬರೆಸಿದ್ದೇ ದಾರಿಯಾಯಿತು.

ಇಷ್ಟೆಲ್ಲ ಇನ್‌ಸ್ಟಾಲಿನ ಮಾತಾಯಿತು. ಜನ ಬಿಟ್ಟು ಹೋಗುತ್ತಿದ್ದುದು ಮಾತ್ರ ಇನ್‌ಸ್ಟಾಲ್ ಆಗದೆ ಅಲ್ಲ. ತೆರೆದರೆ ಖಾಲಿ ಹಾಳೆ, ನಮ್ಮ ಬಣ್ಣ ಇಲ್ಲ, ನಮ್ಮ ಅಳತೆ ಇಲ್ಲ, ನಮ್ಮ ಫಾಂಟ್ ಇಲ್ಲ. ಹಾಗಾಗಿ ಪ್ಯಾಕೇಜನ್ನು ಎರಡು ಮಾಡಿದೆ. ದಪ್ಪದ್ದು ಇಂಕ್‌ಸ್ಕೇಪ್, ವರ್ಷಕ್ಕೆ ಒಂದೆರಡು ಸಲ ಬದಲಾದರೆ ಹೆಚ್ಚು. ಸಣ್ಣದು ನಮ್ಮ ಪ್ರೊಫೈಲ್: ಟೆಂಪ್ಲೇಟ್, ಪ್ಯಾಲೆಟ್, ಫಾಂಟ್, ನಾಲ್ಕೈದು ಎಕ್ಸ್‌ಟೆನ್ಷನ್. ಎರಡು ಮೂರು ಎಂಬಿ, ವಾರ ವಾರ ಬದಲಾದರೂ ಚಿಂತೆ ಇಲ್ಲ. ಪ್ರೊಫೈಲ್ ಎಲ್ಲಿದೆ ಎಂದು ಹೇಳಲು ಇಂಕ್‌ಸ್ಕೇಪಿಗೆ ಒಂದು ಎನ್ವಿರಾನ್‌ಮೆಂಟ್ ವೇರಿಯಬಲ್ (ಪ್ರೋಗ್ರಾಂ ಶುರುವಾಗುವಾಗ ಓದುವ ಸೆಟ್ಟಿಂಗು) ಇದೆ, ಅದನ್ನು ನಮ್ಮ ಫೋಲ್ಡರಿಗೆ ತೋರಿಸಿದರೆ ಮುಗೀತು. ಮೊದಲೇ ಸ್ವಂತಕ್ಕೆ ಇಂಕ್‌ಸ್ಕೇಪ್ ಹಾಕಿಕೊಂಡವರ ಸೆಟ್ಟಿಂಗಿಗೂ ಧಕ್ಕೆ ಇಲ್ಲ. ನಾನು ಮಾಡಿದ್ದರಲ್ಲಿ ಫಲ ಕೊಟ್ಟದ್ದು ಈ ಎರಡು ತುಂಡೇ. ಉಳಿದದ್ದೆಲ್ಲ ಯಾರು ಬೇಕಾದರೂ ಮಾಡುತ್ತಾರೆ.

ಫಾಂಟಿನ ಕಥೆ ಬೇರೆ. ಅಡ್ಮಿನ್ ಇಲ್ಲದೆ ತನ್ನ ಮಟ್ಟಿಗೆ ಮಾತ್ರ ಫಾಂಟ್ ಹಾಕಿಕೊಳ್ಳಲು ವಿಂಡೋಸ್ 10 ಬಿಡುತ್ತದೆ. ಆದರೆ ನಾವು ಶುರು ಮಾಡಿದಾಗಿನ ಇಂಕ್‌ಸ್ಕೇಪಿನ ಪಟ್ಟಿಯಲ್ಲಿ ಅವು ಕಾಣುತ್ತಲೇ ಇರಲಿಲ್ಲ. ಪ್ರೊಫೈಲಿನೊಳಗೆ ಫಾಂಟ್ಸ್ ಎಂಬ ಫೋಲ್ಡರ್ ಮಾಡಿ ಅಲ್ಲಿ ಹಾಕಿದರೆ ಕಾಣುತ್ತವೆ. ಓಪನ್ ಫಾಂಟ್ ಲೈಸೆನ್ಸಿನವನ್ನೇ ಆರಿಸಿಕೊಂಡಿದ್ದರಿಂದ ಹಂಚಲು ಅಡ್ಡಿಯೂ ಇಲ್ಲ.

ವೇರಿಯಬಲ್ ಹಾಕಿ ಇಂಕ್‌ಸ್ಕೇಪ್ ಎಬ್ಬಿಸಲು ಒಂದು ಲಾಂಚರ್ ಬೇಕು. ಬ್ಯಾಚ್ ಫೈಲಿನಲ್ಲಿ ಮಾಡಿದರೆ ಕಪ್ಪು ಕಿಟಕಿ ಮಿಂಚಿ ಮಾಯವಾಗುತ್ತದೆ, ವೈರಸ್ ಬಂತು ಎಂದು ಫೋನ್. ಪೈಥಾನಿನಲ್ಲಿ ಬರೆದು ಪೈಇನ್‌ಸ್ಟಾಲರಿನ ಒನ್‌ಫೈಲ್ (ಎಲ್ಲ ಸೇರಿ ಒಂದೇ ಇಎಕ್ಸ್‌ಇ) ಮಾಡಿದರೆ ಪ್ರತಿ ಸಲ ಟೆಂಪಿಗೆ ಬಿಡಿಸಿಕೊಳ್ಳುತ್ತದೆ. ನಿಧಾನ. ಅದಕ್ಕಿಂತ ಹೆಚ್ಚಾಗಿ ಆ್ಯಂಟಿವೈರಸ್ ಎತ್ತಿಕೊಂಡು ಹೋಗಿ ಕ್ವಾರಂಟೈನಿಗೆ ಹಾಕಿತು. ಇಎಕ್ಸ್‌ಇ ಕುಗ್ಗಿಸುವ ಯುಪಿಎಕ್ಸ್ ತೆಗೆದೆ, ಪ್ರೋಗ್ರಾಂ ಎಬ್ಬಿಸುವ ಬೂಟ್‌ಲೋಡರನ್ನು ನಾನೇ ಕಂಪೈಲ್ ಮಾಡಿದೆ, ಸ್ವಲ್ಪ ಕಡಿಮೆಯಾಯಿತು, ಪೂರ್ತಿ ನಿಲ್ಲಲಿಲ್ಲ. ಸಾಕಾಗಿ ಸಿ ಭಾಷೆಯಲ್ಲಿ ನೂರೈವತ್ತು ಸಾಲು ಬರೆದೆ. ಅಂದಿನಿಂದ ಆ್ಯಂಟಿವೈರಸ್ ತಣ್ಣಗಿದೆ.

ಈ ಲಾಂಚರ್ ಶೇರಿನಲ್ಲಿ ಒಂದು ಚಿಕ್ಕ ಟೆಕ್ಸ್ಟ್ ಫೈಲಿನ ಆವೃತ್ತಿ ಸಂಖ್ಯೆ ನೋಡಿ, ಹೊಸ ಪ್ರೊಫೈಲ್ ಇದ್ದರೆ ತಂದುಕೊಳ್ಳುತ್ತದೆ. ಮನೆಯಲ್ಲಿ ಕೂತವರಿಗೆ ಶೇರ್ ಸಿಗದೆ, ಅದಕ್ಕಾಗಿ ಕಾಯುತ್ತಾ ಅರ್ಧ ನಿಮಿಷ ಏನೂ ತೆರೆಯುತ್ತಿರಲಿಲ್ಲ. ಈಗ ಮೊದಲು ಇಂಕ್‌ಸ್ಕೇಪ್ ತೆರೆದುಕೊಳ್ಳುತ್ತದೆ, ಪರೀಕ್ಷೆ ಹಿನ್ನೆಲೆಯಲ್ಲಿ ನಡೆಯುತ್ತದೆ, ಸಿಕ್ಕಿದ್ದು ಮುಂದಿನ ಸಲಕ್ಕೆ. ಜನರ ಸ್ವಂತ ಶಾರ್ಟ್‌ಕಟ್ ಕೀಗಳನ್ನು ಅಪ್‌ಡೇಟ್ ಅಳಿಸಬಾರದು, ಅದು ಮುಖ್ಯ. ಒಬ್ಬ ಮೇಡಂ ವರ್ಷಗಳಿಂದ ಹೊಂದಿಸಿಕೊಂಡದ್ದು ಹೋಗಿ ಇಡೀ ದಿನ ನನ್ನ ಜೊತೆ ಮಾತು ಬಿಟ್ಟಿದ್ದರು. ಪ್ರಿಫರೆನ್ಸಸ್ ಫೈಲಿನಲ್ಲಿ ಆಫೀಸಿನ ಸೆಟ್ಟಿಂಗನ್ನಷ್ಟೇ ಬದಲಿಸಿ ಅವರವರದನ್ನು ಉಳಿಸುವುದು ಹೇಗೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ, ಅದು ನನ್ನ ಹತ್ತಿರವೇ ಇರಲಿ. ಒಂದು ಸುಳಿವು ಕೊಡುತ್ತೇನೆ: ಇಂಕ್‌ಸ್ಕೇಪ್ ಆ ಫೈಲನ್ನು ಮುಚ್ಚುವಾಗ ಮತ್ತೆ ಬರೆಯುತ್ತದೆ. ತೆರೆದಿರುವಾಗ ನೀವು ಏನು ತಿದ್ದಿದರೂ ನೀರಲ್ಲಿ ಹೋಮ.

ಲಿನಕ್ಸ್ ಬಳಸುವ ಕೆಲವರಿದ್ದಾರೆ. ಅವರಿಗೆ ಆ್ಯಪ್‌ಇಮೇಜ್ (ಇನ್‌ಸ್ಟಾಲ್ ಇಲ್ಲದೆ ಓಡುವ ಒಂದೇ ಫೈಲು) ಕೊಟ್ಟೆ. ಉಬುಂಟು 22.04ರಲ್ಲಿ ಅದಕ್ಕೆ ಬೇಕಾದ ಹಳೇ ಫ್ಯೂಸ್ 2 ಲೈಬ್ರರಿ ತಾನಾಗಿ ಇರುವುದಿಲ್ಲ, ಒತ್ತಿದರೆ ಏನೂ ಆಗದು. ಎಕ್ಸ್‌ಟ್ರ್ಯಾಕ್ಟ್ ಸ್ವಿಚ್ ಕೊಟ್ಟು ಬಿಡಿಸಿ ಓಡಿಸಿದರೆ ಸರಿ. ಮ್ಯಾಕ್ ಅಂತೂ ಬೇಡವೇ ಬೇಡ ಎನಿಸಿತು: ನಾವೇ ಸೈನ್ ಮಾಡಿ ನೋಟರೈಸ್ (ಆ್ಯಪಲ್‌ನ ತಪಾಸಣೆ) ಮಾಡಿಸಬೇಕೆಂದರೆ ವರ್ಷಕ್ಕೆ 99 ಡಾಲರ್ ಕೊಟ್ಟು ಆ್ಯಪಲ್ ಡೆವಲಪರ್ ಆಗಬೇಕು, ಆ್ಯಪ್ ಬಂಡಲಿನೊಳಗೆ ಏನು ತುರುಕಿದರೂ ಸಹಿ ಮುರಿಯುತ್ತದೆ. ಅವರಿಗೆ ಅಧಿಕೃತ ಡಿಎಂಜಿ (ಮ್ಯಾಕಿನ ಇನ್‌ಸ್ಟಾಲ್ ಫೈಲು), ಮೇಲೆ ನಮ್ಮ ಸಣ್ಣ ಪ್ಯಾಕೇಜ್. ಎರಡು ತುಂಡು ಮಾಡಿದ್ದು ಅಲ್ಲೂ ಕೈ ಹಿಡಿಯಿತು.

ದುಡ್ಡಿನ ಲೆಕ್ಕ: ನೆನಪಿರುವ ಹಾಗೆ ಚಂದಾಗಳಲ್ಲಿ ಮುಕ್ಕಾಲು ಪಾಲು ನವೀಕರಿಸಲಿಲ್ಲ. ಪೂರ್ತಿ ಬಿಡಲಾಗಲಿಲ್ಲ. ಪ್ರೆಸ್ಸಿಗೆ ಸಿಎಂವೈಕೆ (ಅಚ್ಚಿನ ನಾಲ್ಕು ಬಣ್ಣದ) ಪಿಡಿಎಫ್ ಕಳಿಸುವವರಿಗೆ ಇಂಕ್‌ಸ್ಕೇಪ್ ಸಾಲದು, ಅವರು ಹಳೆಯದರಲ್ಲೇ ಇದ್ದಾರೆ, ಇರಲಿ. ನನ್ನ ಸಮಯದ ಬೆಲೆ ಸೇರಿಸಿದರೆ ಮೊದಲ ವರ್ಷ ಉಳಿದದ್ದು ಅಷ್ಟಕ್ಕಷ್ಟೇ, ಎರಡನೇ ವರ್ಷದಿಂದ ಲಾಭ. ಅದರಲ್ಲಿ ಒಂದಿಷ್ಟನ್ನು ಇಂಕ್‌ಸ್ಕೇಪ್ ಯೋಜನೆಗೆ ದೇಣಿಗೆ ಕೊಡಲು ಬಾಸ್ ಒಪ್ಪಿದರು. ಒಪ್ಪಿಸಲು ಇನ್‌ಸ್ಟಾಲರ್ ಮಾಡಿದಷ್ಟೇ ಒದ್ದಾಡಿದೆ.

ಈಚೆಗೆ ಹೊರಗಿನ ಗುತ್ತಿಗೆದಾರರೊಬ್ಬರು ಪೆನ್‌ಡ್ರೈವ್ ಹಿಡಿದು ಬಂದು, ನಿಮ್ಮ ಸೆಟಪ್ ಕೊಡಿ ಎಂದರು. ಒಂದೇ ಸಂಸ್ಥೆಯೊಳಗೆ ಎಷ್ಟು ಪ್ರತಿ ಮಾಡಿದರೂ ಇಂಕ್‌ಸ್ಕೇಪಿನ ಲೈಸೆನ್ಸಾದ ಜಿಪಿಎಲ್ ಪ್ರಕಾರ ಅದು ವಿತರಣೆ ಅಲ್ಲ. ಹೊರಗಿನವರಿಗೆ ಕೊಟ್ಟರೆ ವಿತರಣೆ, ಆಗ ಸೋರ್ಸ್ ಕೊಡುವ ಜವಾಬ್ದಾರಿಯೂ ನಮ್ಮ ಮೇಲೆ ಬರುತ್ತದೆ, ಒಳಗಿರುವ ಲೈಬ್ರರಿಗಳ ಸಮೇತ. ಅವರಿಗೆ ದಪ್ಪದ್ದನ್ನು ಕೊಡಲಿಲ್ಲ. ಇಂಕ್‌ಸ್ಕೇಪನ್ನು ಆ ಯೋಜನೆಯ ಅಧಿಕೃತ ಸೈಟಿನಿಂದಲೇ ಇಳಿಸಿಕೊಳ್ಳಿ ಎಂದು ಹೇಳಿ, ಟೆಂಪ್ಲೇಟ್, ಪ್ಯಾಲೆಟ್, ಫಾಂಟು ಇರುವ ಸಣ್ಣದನ್ನು ಮಾತ್ರ ಪೆನ್‌ಡ್ರೈವಿಗೆ ಹಾಕಿಕೊಟ್ಟೆ.