ಲಾಗ್ ಬುಕ್ ಬಿಟ್ಟು ಮೀಟರ್ ನೋಡಿದ ಮೇಲೆ

ದೊಡ್ಡ ಬಟ್ಟೆ ಕಂಪನಿಯೊಂದರ ಸಪ್ಲೈಯರ್‌ಗಳ ಪರಿಸರ, ಕಾರ್ಮಿಕರ ವಿಷಯ ನೋಡಿಕೊಳ್ಳುವ ಕೆಲಸಕ್ಕೆ ಸೇರಿದಾಗ ನನ್ನ ಕೈಗೆ ಸಿಕ್ಕಿದ್ದು ಒಂದು ಚೆಕ್‌ಲಿಸ್ಟ್. ವರ್ಷಕ್ಕೊಮ್ಮೆ, ಅದೂ ಮೊದಲೇ ತಿಳಿಸಿ ಆಡಿಟ್‌ಗೆ ಹೋಗುವುದು. ಹೋದಲ್ಲೆಲ್ಲ ಹೊಸ ಪೇಂಟಿನ ವಾಸನೆ!

2012ರಲ್ಲಿ ಕರಾಚಿಯ ಅಲಿ ಎಂಟರ್‌ಪ್ರೈಸಸ್ ಕಾರ್ಖಾನೆಗೆ ಬೆಂಕಿ ಬಿದ್ದು 250ಕ್ಕೂ ಹೆಚ್ಚು ಜನ ಸತ್ತರು. ಬೆಂಕಿಗೆ ಕೆಲವೇ ವಾರಗಳ ಮೊದಲು ಅದಕ್ಕೆ ಎಸ್‌ಎ 8000, ಅಂದರೆ ಕಾರ್ಮಿಕರ ಸುರಕ್ಷತೆ, ಹಕ್ಕುಗಳೆಲ್ಲ ಸರಿಯಿವೆ ಎನ್ನುವ ಸರ್ಟಿಫಿಕೇಟ್ ಸಿಕ್ಕಿತ್ತು. ಇದು ಗೊತ್ತಿದ್ದೂ ನಾನು ಟಿಕ್ ಹಾಕುತ್ತಲೇ ಇದ್ದೆ.

ಹೊಲಿಗೆ ಕಾರ್ಖಾನೆ ನಮಗೆ ಕಾಣುತ್ತದೆ. ನೀರು ಕೆಡುವುದು ಅದಕ್ಕೂ ಹಿಂದಿನ ಹಂತದ, ಬಟ್ಟೆಗೆ ಬಣ್ಣ ಹಾಕುವ ಡೈಯಿಂಗ್ ಯೂನಿಟ್‌ನಲ್ಲಿ. ಅಂಥದ್ದೊಂದರಲ್ಲಿ ಇಟಿಪಿ, ಅಂದರೆ ಕೊಳಚೆ ನೀರು ಶುದ್ಧ ಮಾಡುವ ಘಟಕದ ಲಾಗ್ ಬುಕ್ ತೆಗೆದೆ. ಮೂರು ತಿಂಗಳ ಬರಹ, ಒಂದೇ ಪೆನ್ನು, ಒಂದೇ ಕೈ. ಎಲ್ಲೂ ಒಂದು ಕಲೆಯಿಲ್ಲ. ಅಷ್ಟು ನೀಟಾಗಿ ಯಾರಾದರೂ ಬರೆಯುತ್ತಾರಾ? ಸುಮ್ನೆ ಇಟಿಪಿಯ ಕರೆಂಟ್ ಮೀಟರ್ ಲೆಕ್ಕ ಮತ್ತು ಕೆಸರು ತೂಕದ ಪುಸ್ತಕ ಕೇಳಿದೆ. ಗಾಳಿ ಊದುವ ಬ್ಲೋವರ್ ದಿನವಿಡೀ ಓಡಿದರೆ ಯೂನಿಟ್ ಏರಲೇಬೇಕು. ನೀರು ಶುದ್ಧವಾದರೆ ಕೆಸರು ಉಳಿಯಲೇಬೇಕು. ಎರಡೂ ಇರಲಿಲ್ಲ.

ಮ್ಯಾನೇಜರ್ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಸರ್, ನಿಮ್ಮವರು ಪ್ರತಿ ಸೀಸನ್ ರೇಟ್ ಇಳಿಸ್ತಾರೆ. ಕೊನೇ ವಾರದಲ್ಲಿ ಬಣ್ಣ ಬದಲಿಸಿ ಅಂತಾರೆ. ರಾತ್ರಿ ಬ್ಲೋವರ್ ನಿಲ್ಲಿಸದೆ ಇನ್ನೇನು ಮಾಡಲಿ?"

ಆ ಯೂನಿಟ್ ಕೈಬಿಡೋಣ ಎಂದರು ಆಫೀಸಿನಲ್ಲಿ. ಬಿಟ್ಟರೆ ಅದೇ ನೀರು ಇನ್ನೊಬ್ಬ ಬೈಯರ್ ಹೆಸರಲ್ಲಿ ಹರಿಯುತ್ತದೆ, ಅಷ್ಟೇ ಅಲ್ವಾ? ನಾನು ಜಗಳಕ್ಕೆ ಹೋಗಿದ್ದು ನಮ್ಮದೇ ಪರ್ಚೇಸ್ ವಿಭಾಗದ ಜೊತೆ. ಇಟಿಪಿ ನಡೆಸುವ ಖರ್ಚನ್ನು ದರಪಟ್ಟಿಯಲ್ಲಿ ಬೇರೆ ಸಾಲಾಗಿ ತೋರಿಸಬೇಕು, ಆ ಸಾಲಿನ ಮೇಲೆ ಚೌಕಾಸಿ ಇಲ್ಲ. ಬಣ್ಣಕ್ಕೆ ಒಪ್ಪಿಗೆ ಕೊಡಲು ಕಡೇ ದಿನಾಂಕ ಬೇಕು. ಎರಡು ಸೀಸನ್ ಆರ್ಡರ್‌ನ ಭರವಸೆ ಬೇಕು. ತಿಂಗಳುಗಟ್ಟಲೆ ಯಾರೂ ಕಿವಿಗೊಡಲಿಲ್ಲ. ಸಪ್ಲೈಯರ್‌ಗಳ ಕಡೆಯ ಕಾರ್ಮಿಕರ, ಪರಿಸರದ ವಿಷಯಕ್ಕೂ ದೊಡ್ಡ ಕಂಪನಿಗಳೇ ಎಚ್ಚರ ವಹಿಸಬೇಕು ಎನ್ನುವ ಜರ್ಮನಿಯ ಸಪ್ಲೈ ಚೈನ್ ಕಾನೂನು 2023ರ ಜನವರಿ 1ರಂದು ಜಾರಿಗೆ ಬಂತು ನೋಡಿ, ಕಾನೂನು ವಿಭಾಗದವರೇ ನನ್ನ ಫೈಲ್ ಹುಡುಕಿಕೊಂಡು ಬಂದರು.

ಈಗ ಆ ಯೂನಿಟ್‌ನಿಂದ ತಿಂಗಳಿಗೆ ಮೂರೇ ಅಂಕಿ ಬರುತ್ತವೆ: ಒಳಗೆ ಬಂದ ನೀರು, ಇಟಿಪಿ ಕರೆಂಟ್, ಕೆಸರಿನ ತೂಕ. ಮೊದಲ ತಿಂಗಳ ಹಾಳೆ ಮೇಲೆ ಎಣ್ಣೆ ಕಲೆ, ಎರಡು ಕಡೆ ಹೊಡೆದು ತಿದ್ದಿದ ಅಂಕಿ. ನೋಡಿ ಖುಷಿಯಾಯಿತು. ಅವರು ಒಳಗುತ್ತಿಗೆ ಕೊಡುವ ಪುಟ್ಟ ವಾಷಿಂಗ್ ಶೆಡ್‌ಗಳ ಹಾಳೆ ಮಾತ್ರ ಇನ್ನೂ ಬಂದಿಲ್ಲ.