ಅಮೆರಿಕದಲ್ಲಿ ಹಳೇ ಮನೆ ತಗೊಂಡವರಿಗೆ: ಬಚ್ಚಲಿನ ಲೈಟ್ ಬಿಚ್ಚುವ ಮುಂಚೆ

ರಜೆಗೆ ತೀರ್ಥಹಳ್ಳಿಗೆ ಬಂದು ವಾರವಾಯಿತು. ಬಿಡದ ಮಳೆ, ಕರೆಂಟಂತೂ ಇಲ್ಲ. ಜಗಲಿಯಲ್ಲಿ ಕೂತಿದ್ದಾಗ ಪಕ್ಕದ ಮನೆ ಹುಡುಗ ಫೋನ್ ಮಾಡಿದ. ನ್ಯೂಜೆರ್ಸಿಯಲ್ಲಿ ಹಳೇ ಮನೆ ತಗೊಂಡಿದ್ದಾನೆ. "ಅಣ್ಣಾ, ಬಾತ್‌ರೂಮಿನ ಸೀಲಿಂಗ್ ಲೈಟ್ ನಾನೇ ಬದಲಿಸ್ಲಾ?" ಅಂದ. ಬದಲಿಸು ಮಾರಾಯ, ಆದ್ರೆ ಫ್ಯೂಸಿಗೆ ತಂತಿ ಸುತ್ತುವ ಊರಿನ ಧೈರ್ಯ ಅಲ್ಲಿ ಬೇಡ ಅಂದೆ. ಹೊಸದಾಗಿ ಹೋದ ಬೇರೆಯವರಿಗೂ ಬೇಕಾದೀತು ಅಂತ ಬರೆಯುತ್ತಿದ್ದೇನೆ. ಬಾಡಿಗೆ ಮನೆಯಾದರೆ ಮುಟ್ಟಲೇಬೇಡಿ, ಓನರಿಗೆ ಹೇಳಿ.

ಮೊದಲು ಬಣ್ಣ. ಕೆಂಪು ಫೇಸ್, ಕಪ್ಪು ನ್ಯೂಟ್ರಲ್ ಅಂತ ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ ಅಲ್ವಾ? ಅಲ್ಲಿ ಕಪ್ಪೇ ಫೇಸ್! ಬಿಳಿ ನ್ಯೂಟ್ರಲ್, ಹಸಿರು ಅಥವಾ ಬರೀ ತಾಮ್ರದ ತಂತಿ ಅರ್ತಿಂಗ್. ಹಳೇ ಮನೆಯಲ್ಲಿ ಅದನ್ನೂ ನಂಬುವ ಹಾಗಿಲ್ಲ. ಎಷ್ಟೋ ಕಡೆ ಕರೆಂಟ್ ಮೊದಲು ಸೀಲಿಂಗಿಗೆ ಬಂದು ಅಲ್ಲಿಂದ ಬಿಳಿ ವೈರಿನಲ್ಲೇ ಸ್ವಿಚ್ಚಿಗೆ ಇಳಿದಿರುತ್ತದೆ, ಹಾಗಾಗಿ ಸ್ವಿಚ್ ಆಫ್ ಮಾಡಿದರೂ ಆ ಬಿಳಿ ವೈರಿನಲ್ಲಿ ಕರೆಂಟ್ ಇದ್ದೇ ಇರುತ್ತದೆ.

ಅದಕ್ಕೇ ಬ್ರೇಕರ್, ಅಂದರೆ ನಮ್ಮ ಎಂಸಿಬಿ, ಆಫ್ ಮಾಡಬೇಕು. ಅಮೆರಿಕದ ನಮ್ಮ ಮನೆಯ ಬ್ರೇಕರ್ ಪ್ಯಾನೆಲ್‌ನಲ್ಲಿ ಹಿಂದಿನ ಓನರ್ ಪೆನ್ಸಿಲ್ಲಿನಲ್ಲಿ 'ಬಾತ್' ಅಂತ ಬರೆದಿದ್ದ. ಅದನ್ನು ಇಳಿಸಿ ಏಣಿ ಹತ್ತಿದೆ. ವೈರಿನ ಹತ್ತಿರ ಹಿಡಿದರೆ ಸಾಕು ಕೂಗುತ್ತದಲ್ಲ, ಆ ಟೆಸ್ಟರ್ ಹಿಡಿದರೆ ಕಿಯೋ ಅಂತು. ನೋಡಿದರೆ ಲೈಟಿನ ಲೈನ್ ಮಲಗುವ ಕೋಣೆಯ ಬ್ರೇಕರಿನಲ್ಲಿತ್ತು. ಟೆಸ್ಟರ್ ಇಲ್ಲದೆ ಏಣಿ ಹತ್ತಬೇಡಿ. ಅಲ್ಲಿರುವುದು 120 ವೋಲ್ಟ್, ನಮ್ಮ 230ರ ಅರ್ಧ ತಾನೇ ಅಂತ ಸಸಾರ ಮಾಡಬೇಡಿ, ಒದ್ದೆ ಕಾಲಿಗೆ ಅಷ್ಟೇ ಸಾಕು.

ಇನ್ನು ಲೈಟು. ನಮ್ಮ ಬಚ್ಚಲುಮನೆಯಲ್ಲಿ ಹಬೆ, ಹಂಡೆ ಒಲೆಯ ಹೊಗೆ ಎರಡೂ ಹಂಚಿನ ಸಂದಿಯಲ್ಲಿ ಹೋಗಿಬಿಡುತ್ತವೆ. ಅಲ್ಲಿ ಹಬೆ ಸೀಲಿಂಗಿಗೇ ಕೂರುತ್ತದೆ. ಹಾಗಾಗಿ ಡಬ್ಬಿಯ ಮೇಲೆ 'ಡ್ಯಾಂಪ್' ಅಂತ ಇರಲೇಬೇಕು, ನೀರು ಸಿಡಿಯುವ ಷವರ್ ಜಾಗಕ್ಕಾದರೆ 'ವೆಟ್'. 1985ಕ್ಕಿಂತ ಹಳೇ ಮನೆಗಳ ವೈರ್ ಸಾಮಾನ್ಯವಾಗಿ 60 ಡಿಗ್ರಿ ಶಾಖಕ್ಕೆ ಮಾಡಿದ್ದು, ಎಷ್ಟೋ ಹೊಸ ಲೈಟುಗಳು 90 ಡಿಗ್ರಿಯದು ಕೇಳುತ್ತವೆ. ಡಬ್ಬಿ ಓದಿ ತಗೊಳ್ಳಿ. ಊರಿಂದ ಬಲ್ಬ್ ಮಾತ್ರ ಒಯ್ಯಬೇಡಿ. ನಮ್ಮಮ್ಮ ಶಿವಮೊಗ್ಗದ ಗಾಂಧಿ ಬಜಾರಿನಿಂದ ತಂದು ಹಪ್ಪಳದ ಮಧ್ಯೆ ಜೋಪಾನವಾಗಿ ಇಟ್ಟು ಕಳಿಸಿದ್ದ ನಾಲ್ಕು ಎಲ್‌ಇಡಿ ಬಲ್ಬ್ ಇನ್ನೂ ಹಾಗೇ ಬಿದ್ದಿವೆ, ಅಲ್ಲಿಯದು ತಿರುಗಿಸುವ ಹೋಲ್ಡರ್.

1965ರಿಂದ 1973ರ ನಡುವೆ ಕಟ್ಟಿದ ಕೆಲವು ಮನೆಗಳಲ್ಲಿ ಅಲ್ಯೂಮಿನಿಯಂ ವೈರ್ ಇರುತ್ತದೆ. ಬೆಳ್ಳಿ ಬಣ್ಣದ ತಂತಿ ಕಂಡರೆ ವಾಪಸ್ ಮುಚ್ಚಿ ಎಲೆಕ್ಟ್ರಿಷಿಯನ್ ಕರೆಯಿರಿ. ಸೀಲಿಂಗ್ ಮಂಡಕ್ಕಿ ಅಂಟಿಸಿದ ಹಾಗೆ ಉಬ್ಬುಬ್ಬಾಗಿದ್ದರೆ ಸುಮ್ನೆ ಕೆರೆಯಬೇಡಿ, ಹಳೇದರಲ್ಲಿ ಶ್ವಾಸಕೋಶ ಕೆಡಿಸುವ ಆಸ್ಬೆಸ್ಟಾಸ್ ನಾರು ಇರಬಹುದು.

ಇಷ್ಟು ಬರೆಯುವಷ್ಟರಲ್ಲಿ ಹುಡುಗ ಫೋಟೋ ಕಳಿಸಿದ. ಬಿಳಿ ವೈರಿನ ತುದಿಗೆ ಯಾರೋ ಕಪ್ಪು ಟೇಪ್ ಸುತ್ತಿದ್ದಾರೆ, ಇದೇನಣ್ಣಾ ಅಂತ ಕೇಳುತ್ತಿದ್ದಾನೆ. ಅದೇ ಕಣೋ, ಫೇಸ್!