ಹಗ್ಗ ಐವತ್ತು, ಬಾವಿ ಇಪ್ಪತ್ತು: ಆಟದ ಮೇಜಿಗೆ ಯಾವ ಅಳತೆ?

ಮುರ್ಡೇಶ್ವರದ ಶಿವನ ಮೂರ್ತಿ 123 ಅಡಿ. ಯಾಣದ ಭೈರವೇಶ್ವರ ಶಿಖರ 120 ಮೀಟರ್. ಎರಡೂ ನಮ್ಮ ಕಡೆಯವರಿಗೆ ಬಾಯಿಪಾಠ. ಆದರೆ ಎರಡನ್ನೂ ಒಟ್ಟಿಗೆ ಹೇಳಿ ಯಾವುದು ಎತ್ತರ ಅಂತ ಯಾರನ್ನಾದರೂ ಕೇಳಿ ನೋಡಿ, ಒಂದು ಕ್ಷಣ ತಡವರಿಸುತ್ತಾರೆ. ಯಾಣದ ಬಂಡೆ ಆ ಮೂರ್ತಿಯ ಮೂರು ಪಟ್ಟಿಗೂ ಮಿಕ್ಕಿದ್ದು.

ಇಂಥದೇ ಒಂದು ತಡವರಿಕೆಯಲ್ಲಿ ನಮ್ಮ ಅಕ್ಕನ ಮಗ ಬಾವಿಗೆ ಬಿದ್ದ. ನಿಜದ ಬಾವಿಯಲ್ಲ, ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಡಿ ಅಂಡ್ ಡಿ) ಆಟದ ಬಾವಿ. ಮಳೆಗಾಲದ ಭಾನುವಾರ ಶಿರಸಿಯ ನಮ್ಮ ಮನೆ ಮೆತ್ತಿನ ಮೇಲೆ ಐದಾರು ಜನ ಸೇರುತ್ತೇವೆ. ಒಬ್ಬರು ಡಿಎಂ, ಅಂದರೆ ಕಥೆ ನಡೆಸುವವರು. ಉಳಿದವರೆಲ್ಲ ಆ ಕಥೆಯೊಳಗಿನ ವೀರರು, ಮಂತ್ರವಾದಿಗಳು, ಕಳ್ಳರು. ಅವತ್ತು ನಾನೇ ಡಿಎಂ. "ಬಾವಿ 20 ಮೀಟರ್ ಆಳ ಇದೆ" ಅಂದೆ. ಅವನು ತನ್ನ ಪಾತ್ರದ ಸಾಮಾನು ಬರೆದ ಹಾಳೆ ನೋಡಿಕೊಂಡ, ಹಗ್ಗ 50 ಅಂತ ಬರೆದಿತ್ತು. ಇಪ್ಪತ್ತಕ್ಕೆ ಐವತ್ತು ಧಾರಾಳವಾಯಿತಲ್ಲ ಅಂತ ಇಳಿದೇಬಿಟ್ಟ. ಆಟದ ನಿಯಮದ ಪುಸ್ತಕದಲ್ಲಿ ಹಗ್ಗ 50 ಅಡಿಯದ್ದು, ಅಂದರೆ 15 ಮೀಟರ್. ಉಳಿದ ಐದು ಮೀಟರ್ ಕತ್ತಲೆಯಲ್ಲಿ ಬಿದ್ದ. "ಮಾವ, ಅಡಿ ಅಂತ ಮೊದ್ಲೇ ಹೇಳಕಾಗಿತ್ತು" ಎಂದ. ಅರ್ಧ ಗಂಟೆ ಜಗಳ, ಚಹಾ ಆರಿಹೋಯಿತು. ತಪ್ಪು ನನ್ನದೇ.

ಹಾಗಾಗಿ ಹೊಸದಾಗಿ ಆಟ ಶುರುಮಾಡುವವರು ಪಾತ್ರ ಕಟ್ಟುವ ಮೊದಲೇ ಅಳತೆಯ ವಿಚಾರ ಮುಗಿಸಿಕೊಳ್ಳುವುದು ಒಳ್ಳೆಯದು.

ಮೊದಲು ಪುಸ್ತಕ ತೆಗೆದು ನೋಡಿ

ಈ ಆಟ ಅಮೆರಿಕದಲ್ಲಿ 1974ರಲ್ಲಿ ಬಂತು. ಅದರ ಬೇರು ಗೊಂಬೆ ಸೈನಿಕರನ್ನು ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿ ಆಡುವ ಯುದ್ಧದಾಟದಲ್ಲಿದೆ. ಆದ್ದರಿಂದ ಶುರುವಿನಲ್ಲಿ ದೂರವೆಲ್ಲ ಇಂಚಿನಲ್ಲೇ. ಗುಹೆಯೊಳಗೆ ಒಂದು ಇಂಚು ಅಂದರೆ 10 ಅಡಿ, ಬಯಲಲ್ಲಿ ಅದೇ ಇಂಚು 10 ಗಜ. ಎಂಥ ಫಜೀತಿ ಅಂತ ನೀವೇ ಯೋಚಿಸಿ. 2000ದ ಮೂರನೇ ಆವೃತ್ತಿಯ ಹೊತ್ತಿಗೆ ಒಂದು ಚೌಕಕ್ಕೆ 5 ಅಡಿ ಎಂದು ಗಟ್ಟಿಯಾಯಿತು. 2008ರ ನಾಲ್ಕನೇ ಆವೃತ್ತಿ ಅಡಿಯನ್ನು ಬದಿಗಿಟ್ಟು ನೇರ ಚೌಕವನ್ನೇ ಎಣಿಸಿತು. 2014ರ ಐದನೆಯದು ಮತ್ತೆ ಅಡಿಗೆ ಮರಳಿತು.

ಜರ್ಮನರು 1984ರಲ್ಲಿ ತಂದ ತಮ್ಮ ಆಟ ದಾಸ್ ಶ್ವಾರ್ಟ್ಸೆ ಔಗೆಯಲ್ಲಿ ಜಾಣತನ ತೋರಿದ್ದಾರೆ. ಅಲ್ಲಿ ದೂರ ಹೇಳುವುದು 'ಹೆಜ್ಜೆ'ಯಲ್ಲಿ, ಆ ಹೆಜ್ಜೆ ಸರಿಯಾಗಿ ಒಂದು ಮೀಟರ್. ಹೆಸರು ಹಳೇ ಕಾಲದ್ದು, ಲೆಕ್ಕ ಇವತ್ತಿನದು.

ನಿಮ್ಮ ಕೈಯಲ್ಲಿರುವ ಪುಸ್ತಕ ಇಂಗ್ಲಿಷಿನ ಡಿ ಅಂಡ್ ಡಿ ಆದರೆ ಪ್ರತಿ ಮಂತ್ರ, ಪ್ರತಿ ಬಿಲ್ಲು ಅಡಿಯಲ್ಲೇ ಇರುತ್ತದೆ. ಎಲ್ಲವನ್ನೂ ಮೀಟರಿಗೆ ತಿರುಗಿಸುತ್ತೇನೆ ಅಂತ ಹೊರಟರೆ ಮೂರನೇ ವಾರಕ್ಕೆ ಸಾಕಾಗುತ್ತದೆ.

ಕೂತವರ ಕಣ್ಣಳತೆ ಯಾವುದು?

ಒಂದು ಸಣ್ಣ ಪರೀಕ್ಷೆ ಮಾಡಿ. ಅಂಗಳದಲ್ಲಿ ನಿಂತು "ಇಲ್ಲಿಂದ ದಣಪೆಗೆ ಎಷ್ಟು ದೂರ?" ಎಂದು ಎಲ್ಲರನ್ನೂ ಕೇಳಿ. ನಮ್ಮಲ್ಲಿ ಭಾವ "ಅರವತ್ತು ಅಡಿ" ಅಂದ, ಅವನ ಮಗ "ಇಪ್ಪತ್ತು ಮೀಟರ್" ಅಂದ. ಎರಡೂ ಹತ್ತಿರ ಹತ್ತಿರವೇ. ದೇಶಕ್ಕೆ ಮೆಟ್ರಿಕ್ ಕಾನೂನು 1956ರಲ್ಲೇ ಬಂದರೂ ನಾವು ಇವತ್ತಿಗೂ ಸೈಟು ಕೊಳ್ಳುವುದು ಅಡಿಯಲ್ಲಿ, ಬಸ್ಸಿಗೆ ಕಿಲೋಮೀಟರ್, ಅಕ್ಕಿಗೆ ಕಿಲೋ, ಅಡಿಕೆಗೆ ಕ್ವಿಂಟಲ್, ತೋಟಕ್ಕೆ ಎಕರೆ-ಗುಂಟೆ, ಹೂವಿಗೆ ಮೊಳ. ಇಷ್ಟೆಲ್ಲ ಕಲಸಿದ್ದರೂ ವ್ಯವಹಾರ ಕೆಟ್ಟಿಲ್ಲ. ಯಾಕೆಂದರೆ ಒಂದು ವಿಷಯಕ್ಕೆ ಒಂದೇ ಅಳತೆ ಇಟ್ಟುಕೊಂಡಿದ್ದೇವೆ. ಅಕ್ಕಿಯಲ್ಲಿ ಅರ್ಧ ಭಾಗವನ್ನು ಕಿಲೋದಲ್ಲಿ, ಇನ್ನರ್ಧವನ್ನು ಪೌಂಡಿನಲ್ಲಿ ಯಾರೂ ತೂಗುವುದಿಲ್ಲ.

ಆಟಕ್ಕೂ ಅಷ್ಟೇ. ಹಗ್ಗ, ಬಾವಿ, ಗೋಡೆ, ಬಾಣ ಇವೆಲ್ಲ ಒಂದೇ ಜಾತಿಯವು, ಒಂದೇ ಅಳತೆಯಲ್ಲಿರಬೇಕು. ಊರಿಂದೂರಿಗೆ ಪ್ರಯಾಣ ಬೇರೆ ಜಾತಿ, ಹೊರೆ ಮತ್ತೊಂದು. ಅವಕ್ಕೆ ಬೇರೆ ಅಳತೆ ಇದ್ದರೆ ಏನೂ ಹಾಳಾಗುವುದಿಲ್ಲ.

ಕಾಳಗದಲ್ಲಿ 'ಮನೆ' ಎಣಿಸಿ

ಚೌಕಾಬಾರ ಆಡಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಕಾಯಿ ನಡೆಯುವುದು ಅಡಿಯಲ್ಲೂ ಅಲ್ಲ ಮೀಟರಿನಲ್ಲೂ ಅಲ್ಲ, ಮನೆಯಲ್ಲಿ. ಡ್ರಾಯಿಂಗ್ ಶೀಟಿನ ಮೇಲೆ ಒಂದೊಂದು ಇಂಚಿನ ಚೌಕ ಎಳೆಯಿರಿ, ಸ್ಕೇಲಿನಲ್ಲಿ ಎರಡೂವರೆ ಸೆಂಟಿಮೀಟರ್ ಹಿಡಿದರೂ ನಡೆಯುತ್ತದೆ. ದುಬಾರಿ ಗೊಂಬೆ ಬೇಡ, ಒಂದು ಚಾಲಿ ಅಡಿಕೆ ಆ ಮನೆಯಲ್ಲಿ ಚೆಂದವಾಗಿ ಕೂರುತ್ತದೆ. ನಮ್ಮಲ್ಲಿ ರಾಕ್ಷಸರೆಲ್ಲ ಚಾಲಿ, ವೀರರು ಕವಡೆ.

ಒಂದು ಮನೆ ಅಂದರೆ 5 ಅಡಿ, ಅಂದರೆ ಒಂದೂವರೆ ಮೀಟರ್. ಪುಸ್ತಕದ ಅಡಿಯನ್ನು ಐದರಿಂದ ಭಾಗಿಸಿದರೆ ಮನೆ ಸಿಕ್ಕಿತು. ಒಂದು ಸರದಿಗೆ ಮನುಷ್ಯನ ನಡೆ 30 ಅಡಿ, ಆರು ಮನೆ. ಉದ್ದ ಬಿಲ್ಲಿನ ಸಾಮಾನ್ಯ ಗುರಿ 150 ಅಡಿ, ಮೂವತ್ತು ಮನೆ. ಮೀಟರೇ ಬೇಕು ಅನ್ನುವವರು ಅಡಿಯನ್ನು ಮೂರರಿಂದ ಗುಣಿಸಿ ಹತ್ತರಿಂದ ಭಾಗಿಸಲಿ: 30 ಅಡಿಗೆ 9 ಮೀಟರ್, 60ಕ್ಕೆ 18, 150ಕ್ಕೆ 45. ಐದು ಅಡಿ ಸರಿಯಾಗಿ 1.524 ಮೀಟರ್ ಅಂತ ಕ್ಯಾಲ್ಕುಲೇಟರ್ ಹಿಡಿದು ಕೂರುವವರು ಪ್ರತಿ ಗುಂಪಿನಲ್ಲೂ ಒಬ್ಬರು ಇರುತ್ತಾರೆ. ಅವರಿಗೆ ಚಹಾ ತರುವ ಕೆಲಸ ಕೊಡಿ. ಆನ್‌ಲೈನ್ ಮ್ಯಾಪಿನಲ್ಲಿ ಆಡುವುದಾದರೆ ಸೆಟ್ಟಿಂಗಿನಲ್ಲಿ ಚೌಕಕ್ಕೆ 1.5 ಎಂದು ಒಮ್ಮೆ ಹಾಕಿದರೆ ಮುಗಿಯಿತು.

ಇಷ್ಟಾದರೂ ಮನೆ ಎಂಬುದು ಬರಿಯ ಕಾಗದದ ಲೆಕ್ಕ, ಕಣ್ಣಿಗೆ ಚಿತ್ರ ಕಟ್ಟುವುದಿಲ್ಲ. ಅದಕ್ಕೆ ತೋಟಕ್ಕೆ ಬನ್ನಿ. ಅಡಿಕೆ ಮರಗಳ ನಡುವೆ ಸಾಮಾನ್ಯವಾಗಿ ಒಂಬತ್ತು ಅಡಿ ಅಂತರ. ಆರು ಮನೆ ನಡೆದರೆ ಮೂರು ಮರ ದಾಟಿದಂತೆ. ಫೈರ್‌ಬಾಲ್ ಮಂತ್ರದ ಬೆಂಕಿ ನಡುವಿನಿಂದ ಸುತ್ತಲೂ 20 ಅಡಿ ಹರಡುತ್ತದೆ. ಅಂದರೆ ನೆಲದ ಮೇಲೆ ಹೆಚ್ಚುಕಡಿಮೆ 1,257 ಚದರ ಅಡಿ. ಒಂದು ಗುಂಟೆ ಅಂದರೆ 33 ಅಡಿಗೆ 33 ಅಡಿ, 1,089 ಚದರ ಅಡಿ. ಒಂದು ಮಂತ್ರಕ್ಕೆ ಒಂದು ಗುಂಟೆ ಮಿಕ್ಕಿ ತೋಟ, ಹದಿನೈದು ಮರ ಬೂದಿ! ಇದನ್ನು ಹೇಳಿದ ದಿನ ನಮ್ಮ ಮಂತ್ರವಾದಿ ಮೊದಲ ಬಾರಿಗೆ ಕೈ ತಡೆದ. ಇಪ್ಪತ್ತು ಅಡಿ ಅಂದಾಗ ಅವನಿಗೆ ಏನೂ ಅನ್ನಿಸಿರಲಿಲ್ಲ.

ಹೊರೆ ಮತ್ತು ಹೊನ್ನು

ಪೌಂಡನ್ನು ಅರ್ಧ ಕಿಲೋ ಎಂದು ಹಿಡಿಯಿರಿ. ನಿಜಕ್ಕೆ ಅದು 454 ಗ್ರಾಂ, ಆದರೆ ಹೊರುವ ಶಕ್ತಿಗೂ ಹೊರೆಗೂ ಒಂದೇ ಲೆಕ್ಕ ಹಾಕಿದರೆ ಯಾರಿಗೂ ಮೋಸವಿಲ್ಲ. ಐದನೇ ಆವೃತ್ತಿಯಲ್ಲಿ ಪಾತ್ರದ ಬಲವನ್ನು 15ರಿಂದ ಗುಣಿಸಿದಷ್ಟು ಪೌಂಡ್ ಹೊರಬಹುದು. ಬಲ 10 ಆದರೆ 150 ಪೌಂಡ್, ನಮ್ಮ ಲೆಕ್ಕಕ್ಕೆ 75 ಕಿಲೋ. ನಾಣ್ಯ 50ಕ್ಕೆ ಒಂದು ಪೌಂಡ್, ಅಂದರೆ ನೂರಕ್ಕೆ ಒಂದು ಕಿಲೋ. ನಿಜದ ಪೌಂಡಿನ ಲೆಕ್ಕಕ್ಕೆ ಒಂದೊಂದು ಚಿನ್ನದ ನಾಣ್ಯ ಒಂಬತ್ತು ಗ್ರಾಂ ಚಿಲ್ಲರೆ, ಪವನಿಗಿಂತ ಹೆಚ್ಚು, ತೊಲಕ್ಕಿಂತ ಕಡಿಮೆ. ಹೋಟೆಲಿನಲ್ಲಿ ಒಂದು ರಾತ್ರಿಗೆ ಐದು ಚಿನ್ನದ ನಾಣ್ಯ ಎಸೆಯುವವರಿಗೆ ಇದನ್ನು ನೆನಪಿಸಿ.

ದಾರಿ ಸಾಗುವಾಗ

ಪುಸ್ತಕದಲ್ಲಿ ಮಾಮೂಲಿ ನಡಿಗೆ ಗಂಟೆಗೆ 3 ಮೈಲಿ, ದಿನಕ್ಕೆ ಎಂಟು ಗಂಟೆ, 24 ಮೈಲಿ. ಮೈಲಿಯಲ್ಲಿ ಯೋಚಿಸುವವರು ನಮ್ಮಲ್ಲಿ ಈಗ ಯಾರಿದ್ದಾರೆ? ಮೈಲಿಗೆ ಒಂದೂವರೆ ಕಿಲೋಮೀಟರ್ ಹಿಡಿದರೆ ದಿನಕ್ಕೆ 36. ಶಿರಸಿಯಿಂದ ಕುಮಟಾಕ್ಕೆ ಸುಮಾರು 60 ಕಿಲೋಮೀಟರ್. ಬಯಲು ದಾರಿಯಾದರೆ ಎರಡನೇ ದಿನ ಸಮುದ್ರ ಕಂಡೀತು. ಆದರೆ ನಡುವೆ ದೇವಿಮನೆ ಘಟ್ಟವಿದೆ, ದುರ್ಗಮ ನೆಲಕ್ಕೆ ಅರ್ಧ ವೇಗ ಅನ್ನುತ್ತದೆ ನಿಯಮ. ಮೂರನೇ ದಿನಕ್ಕೂ ಎಳೆದೀತು.

ಇಲ್ಲೊಂದು ಮಜಾ ಇದೆ. ನಮ್ಮ ಹಿರಿಯರ ಹರದಾರಿ ಅಂದರೆ ಹತ್ತಿರ ಹತ್ತಿರ ಮೂರು ಮೈಲಿ. ಗಂಟೆಗೊಂದು ಹರದಾರಿ, ದಿನಕ್ಕೆ ಎಂಟು! ಕಥೆಯೊಳಗಿನ ದೋಣಿಯವನೋ ಮಠದ ಭಟ್ಟರೋ ಮಾತಾಡುವಾಗ ಅವರ ಬಾಯಲ್ಲಿ ಕಿಲೋಮೀಟರ್ ಬರಬಾರದು. "ಮುಂದಿನ ಊರು ಎರಡು ಹರದಾರಿ", "ಕೂಗಳತೆ ದೂರ", "ಒಂದು ಕವಳ ಹಾಕುವಷ್ಟು ಹೊತ್ತು" ಅನ್ನಲಿ. ಆದರೆ ಗುರಿ ತಾಗಿತೋ ಇಲ್ಲವೋ ಎಂದು ದಾಳ ಉರುಳಿಸುವ ಮಾತು ಬಂದ ಕೂಡಲೇ ಡಿಎಂ ತನ್ನ ದನಿಯಲ್ಲಿ ಮನೆಯ ಲೆಕ್ಕ ಹೇಳಿಬಿಡಬೇಕು. "ಕೂಗಳತೆ" ಎಂದು ಕೇಳಿ ಬಾಣ ಬಿಟ್ಟವನ ಜೊತೆ ಆಮೇಲೆ ವಾದ ಮಾಡುವುದು ನ್ಯಾಯವಲ್ಲ.

ನಿಮ್ಮ ತೀರ್ಮಾನ ಯಾವುದಾದರೂ ಇರಲಿ, ಒಂದು ಚೀಟಿಯಲ್ಲಿ ಬರೆದು ಎಲ್ಲರ ಹಾಳೆಗೂ ಅಂಟಿಸಿ. ಹಳೆಯ ಸಾಮಾನುಗಳ ಅಂಕಿಯನ್ನೂ ಅವತ್ತೇ ತಿದ್ದಿಸಿ, ನಾಳೆ ಅಂದರೆ ಯಾರೂ ತಿದ್ದುವುದಿಲ್ಲ. ನಮ್ಮ ಚೀಟಿಯಲ್ಲಿ ಮೂರೇ ಸಾಲು: ಕಾಳಗ, ಎತ್ತರ, ಆಳಕ್ಕೆ ಮನೆ, ಪ್ರಯಾಣಕ್ಕೆ ಕಿಲೋಮೀಟರ್, ಹೊರೆಗೆ ಕಿಲೋ.

ಕಳೆದ ಭಾನುವಾರ ಮತ್ತೆ ಅದೇ ಬಾವಿ ಎದುರಾಯಿತು. "ಹದಿಮೂರು ಮನೆ ಆಳ" ಅಂದೆ. ಅಕ್ಕನ ಮಗ ಹಾಳೆ ನೋಡಿದ. ಹಗ್ಗ ಹತ್ತು ಮನೆ. ಏನೂ ಮಾತಾಡದೆ ಪಕ್ಕದವಳ ಹಗ್ಗ ಇಸಿದುಕೊಂಡು ಗಂಟು ಹಾಕಿದ.